ಮೌನವಾದ ತಪ್ಪು

ನಿವೃತ್ತನಾದ ಮೇಲೆ, 2023ರ ಜುಲೈ ತಿಂಗಳಲ್ಲಿ, ನಾನೊಮ್ಮೆ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಅಲ್ಲಿಯ ಗುಮಾಸ್ತರು ವಿದ್ಯಾರ್ಥಿವೇತನದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುತ್ತಿದ್ದರು. ಜುಲೈ 1ಕ್ಕೆ ಹದಿನಾಲ್ಕು ವರ್ಷ ತುಂಬಿರಬಾರದೆಂಬುದು ನಿಯಮ. ಬಾಗಿಲ ಬಳಿ ಒಬ್ಬ ಹುಡುಗಿ ಕಣ್ಣೀರು ತುಂಬಿಕೊಂಡು ನಿಂತಿದ್ದಳು. ಅವಳು ಹುಟ್ಟಿದ್ದು 2009ರ ಆಗಸ್ಟ್ 5ರಂದು; ವಯಸ್ಸಿನ ಮಿತಿಯನ್ನು ದಾಟಿರಲಿಲ್ಲ. ಆದರೂ ಅವಳ ಹೆಸರಿನ ಮುಂದೆ ‘ಅನರ್ಹ’ ಎಂದಿತ್ತು.

“ಕಂಪ್ಯೂಟರ್ ಲೆಕ್ಕ ತಪ್ಪುವುದುಂಟೆ, ಮೇಷ್ಟ್ರೇ?” ಎಂದರು ಗುಮಾಸ್ತರು. ನಿಜವಾಗಿಯೂ ಲೆಕ್ಕ ತಪ್ಪಿರಲಿಲ್ಲ. ಲೆಕ್ಕಕ್ಕೆ ಸಿಕ್ಕಿದ ದಿನಾಂಕವೇ ತಪ್ಪಾಗಿತ್ತು.

ಎಕ್ಸೆಲ್‌ನಂತಹ ಸ್ಪ್ರೆಡ್‌ಶೀಟಿಗೆ ದಿನಾಂಕವೆಂದರೆ ಒಂದು ಸಂಖ್ಯೆ. ಅದು 1900ರ ಜನವರಿ 1ನ್ನು ಒಂದು ಎಂದು ಹಿಡಿದು ಮುಂದಿನ ದಿನಗಳನ್ನು ಎಣಿಸುತ್ತದೆ. ಆ ಎಣಿಕೆಯಲ್ಲಿ 1947ರ ಆಗಸ್ಟ್ 15ರ ಸಂಖ್ಯೆ 17394; 1950ರ ಜನವರಿ 26ರ ಸಂಖ್ಯೆ 18289. ಒಂದರಿಂದ ಇನ್ನೊಂದನ್ನು ಕಳೆದರೆ 895 ದಿನಗಳೆಂಬ ಉತ್ತರ ದೊರೆಯುತ್ತದೆ. ವಯಸ್ಸಿನ ಸೂತ್ರಗಳೆಲ್ಲ ಈ ಸಂಖ್ಯೆಯನ್ನೇ ನಂಬಿವೆ.

ನಾವು ದಿನವನ್ನು ಮೊದಲು, ತಿಂಗಳನ್ನು ಅನಂತರ ಬರೆಯುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಆ ಕಂಪ್ಯೂಟರು ಅಮೆರಿಕದ ಕ್ರಮಕ್ಕೆ ಹೊಂದಿಸಲ್ಪಟ್ಟಿತ್ತು. ಆದುದರಿಂದ 05/08/2009 ಎಂಬುದನ್ನು ಅದು ಮೇ 8 ಎಂದು ಓದಿತು. ಹುಡುಗಿಗೆ 89 ದಿನಗಳ ವಯಸ್ಸು ಸುಮ್ಮನೆ ಹೆಚ್ಚಾಯಿತು!

ಅದೇ ಪಟ್ಟಿಯಲ್ಲಿ 13/08/2009 ಎಂಬ ದಿನಾಂಕವೂ ಇತ್ತು. ಹದಿಮೂರನೆಯ ತಿಂಗಳು ಇಲ್ಲವಷ್ಟೆ. ಆದುದರಿಂದ ಯಂತ್ರವು ಅದನ್ನು ಸಂಖ್ಯೆಯಾಗಿ ಸ್ವೀಕರಿಸದೆ ಬರಿಯ ಅಕ್ಷರಗಳಂತೆ ಕೋಶದ ಎಡಬದಿಗೆ ಇಟ್ಟಿತ್ತು. ವಯಸ್ಸಿನ ಜಾಗದಲ್ಲಿ ದೋಷದ ಸೂಚನೆ ಕಾಣಿಸಿತ್ತು. ಅಂತಹ ಸಾಲುಗಳನ್ನು ಗುಮಾಸ್ತರು ಗಮನಿಸಿ ಕೈಲೆಕ್ಕದಿಂದ ತುಂಬಿದ್ದರು. ಕೂಗಿ ಹೇಳಿದ ತಪ್ಪು ತಿದ್ದಲ್ಪಟ್ಟಿತು. ಮೌನವಾದ ತಪ್ಪು ಉಳಿದುಕೊಂಡಿತು.

ಇಂತಹ ಮೌನ ಎಷ್ಟು ವ್ಯಾಪಕವೆಂಬುದನ್ನು ನೀವೇ ಲೆಕ್ಕ ಹಾಕಬಹುದು. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳನ್ನು ಎರಡೂ ಕ್ರಮದಲ್ಲಿ ಓದಲು ಸಾಧ್ಯ; ಒಟ್ಟು 144 ದಿನಗಳು. ದಿನ ಮತ್ತು ತಿಂಗಳಿನ ಅಂಕಿ ಒಂದೇ ಆಗಿರುವ 12 ದಿನಗಳನ್ನು ಬಿಟ್ಟರೆ, ವರ್ಷದ 132 ದಿನಗಳಲ್ಲಿ ಹುಟ್ಟಿದವರಿಗೆ ಈ ಅಪಾಯವುಂಟು.

ಪರಿಹಾರ ಕಠಿನವಲ್ಲ. ಮೊದಲು ಕಂಪ್ಯೂಟರಿನ ದಿನಾಂಕದ ಕ್ರಮವನ್ನು ದಿನ, ತಿಂಗಳು, ವರ್ಷ ಎಂದು ಹೊಂದಿಸಬೇಕು. ಆದರೆ ಈಗಾಗಲೇ ತಪ್ಪಾಗಿ ಸೇರಿದ ಸಂಖ್ಯೆ ಅದರಿಂದ ಬದಲಾಗುವುದಿಲ್ಲ. ಅಂತಹ ದಿನಾಂಕಗಳನ್ನು ಮತ್ತೆ ಬರೆಯಲೇಬೇಕು. ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಬರೆಯಬೇಕು. ಎರಡೇ ಅಂಕಿ ಬರೆದರೆ ಶತಮಾನವನ್ನು ಯಂತ್ರವೇ ಊಹಿಸುತ್ತದೆ. ಕೊನೆಗೆ ತಿಂಗಳು ಹೆಸರಿನಿಂದಲೇ ಕಾಣುವಂತೆ ಮಾಡಿ, ಪ್ರತಿಯೊಂದು ದಿನಾಂಕವನ್ನೂ ಮೂಲ ದಾಖಲಾತಿ ಪುಸ್ತಕದೊಡನೆ ಹೋಲಿಸಬೇಕು.

ಗುಮಾಸ್ತರು ಹಾಗೆಯೇ ಮಾಡಿದರು. ಹುಡುಗಿಯ ಹೆಸರು ಅರ್ಹರ ಪಟ್ಟಿಗೆ ಸೇರಿತು. ಅವಳೊಡನೆ, ಬಾಯಿಬಿಟ್ಟು ಕೇಳದಿದ್ದ ಇನ್ನೂ ಇಬ್ಬರ ಹೆಸರುಗಳು ಸೇರಿದವು. ಯಂತ್ರವು ನಾವು ಬರೆದುದನ್ನು ಓದುತ್ತದೆ. ನಮ್ಮ ಮನಸ್ಸಿನಲ್ಲಿರುವುದನ್ನು ಓದಲಾರದು. ಅದರ ಉತ್ತರವನ್ನು ಪರೀಕ್ಷಿಸುವ ಹೊಣೆ ಎಂದೆಂದಿಗೂ ಮನುಷ್ಯನದೇ.