ಮಗುವಿನ ಕೈಗೆ ಎಟುಕದ ಗೊಂಬೆಮನೆ

ಪ್ರಶ್ನೆ: ಮಗಳ ಮನೆಗೆಂದು ನೆದರ್ಲೆಂಡ್ಸಿಗೆ ಹೋಗಿದ್ದಾಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿ ಒಂದು ಗೊಂಬೆಮನೆ ನೋಡಿದೆ. ದೊಡ್ಡ ಬೀರುವಿನೊಳಗೆ ಅಡುಗೆಮನೆ, ಬಾಣಂತಿ ಕೋಣೆ, ಅಟ್ಟ ಎಲ್ಲ ಇದ್ದವು. ಮಕ್ಕಳ ಆಟಕ್ಕೆ ಇಷ್ಟೊಂದು ಖರ್ಚು ಮಾಡುತ್ತಿದ್ದರೇ? ಆ ಕಾಲದ ಸಂಸಾರ ನಿಜಕ್ಕೂ ಹಾಗೇ ಇತ್ತೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ನೋಡಿದ್ದು ಬಹುಶಃ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬಾಕೆಯ ಗೊಂಬೆಮನೆ. ಸುಮಾರು 1686ರಿಂದ 1710ರವರೆಗೆ, ಹತ್ತಿರ ಹತ್ತಿರ ಕಾಲು ಶತಮಾನ, ಅದಕ್ಕೆ ಒಂದೊಂದೇ ಸಾಮಾನು ಸೇರುತ್ತಾ ಹೋಯಿತು. ಅದರ ಎತ್ತರ 255 ಸೆಂಟಿಮೀಟರ್. ಮೇಲಂತಸ್ತನ್ನು ನೋಡಲು ದೊಡ್ಡವರೇ ಕತ್ತು ಮೇಲೆತ್ತಬೇಕು. ಮಗುವಿನ ಕೈಗೆ ಎಟುಕುವುದೆಲ್ಲಿ? ನಿಮ್ಮ ಮೊದಲ ಪ್ರಶ್ನೆಗೆ ಆ ಬೀರುವೇ ಉತ್ತರ ಹೇಳುತ್ತದೆ. ಅದು ಆಟದ ಸಾಮಾನಲ್ಲ.

ಖರ್ಚಿನ ಮಾತಿಗೆ ಬಂದರೆ, 20 ಸಾವಿರದಿಂದ 30 ಸಾವಿರ ಗಿಲ್ಡರ್ ಆಗಿತ್ತೆಂದು ಲೆಕ್ಕ. ಅಷ್ಟು ದುಡ್ಡಿಗೆ ಆಗ ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯಲ್ಲಿ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು. ಹೊರಕವಚಕ್ಕೆ ಆಮೆಚಿಪ್ಪಿನ ಕುಸುರಿ. ಒಳಗೆ ಪೂರ್ವದೇಶಗಳಿಂದ ತರಿಸಿದ ಪುಟಾಣಿ ಪಿಂಗಾಣಿ. ಆ ಕಾಲದ ಶ್ರೀಮಂತ ಗಂಡಸರು ಹಳೆಯ ನಾಣ್ಯ, ಸಮುದ್ರದ ಚಿಪ್ಪು, ದೂರದೇಶದ ವಿಚಿತ್ರ ವಸ್ತುಗಳನ್ನು ಬೀರುಗಳಲ್ಲಿ ಜೋಡಿಸಿ ಬಂದವರಿಗೆ ತೋರಿಸುತ್ತಿದ್ದರು. ಅವರ ಹೆಂಡಂದಿರು ಜೋಡಿಸಿದ್ದು ಮನೆಯನ್ನೇ.

ಈ ಹುಚ್ಚು ಡಚ್ಚರಿಂದ ಶುರುವಾದದ್ದೂ ಅಲ್ಲ. ಬವೇರಿಯಾದ ಡ್ಯೂಕ್ ಐದನೆಯ ಆಲ್ಬ್ರೆಕ್ಟ್ 1558ರ ಹೊತ್ತಿಗೇ ಒಂದು ಗೊಂಬೆಮನೆ ಮಾಡಿಸಿದ್ದ. ಆ ಮನೆ ಉಳಿದಿಲ್ಲ. ಅದರೊಳಗೆ ಏನೇನಿತ್ತು ಎಂದು 1598ರಲ್ಲಿ ಬರೆದ ಪಟ್ಟಿ ಮಾತ್ರ ಉಳಿದಿದೆ. 1631ರಲ್ಲಿ ನ್ಯೂರೆಂಬರ್ಗಿನ ಆನಾ ಕೋಫರ್ಲಿನ್ ಎಂಬಾಕೆ ತನ್ನ ಗೊಂಬೆಮನೆಯನ್ನು ಊರವರು ನೋಡಲೆಂದು ಇಟ್ಟು, ಅದರ ವಿವರವನ್ನು ಅಚ್ಚು ಹಾಕಿಸಿದಳು. ಮಕ್ಕಳೇ, ಚೆನ್ನಾಗಿ ನೋಡಿಕೊಳ್ಳಿ, ಮುಂದೆ ನಿಮ್ಮ ಮನೆಯನ್ನು ಹೀಗೆ ನಡೆಸಬೇಕು ಎಂಬುದು ಅದರ ತಾತ್ಪರ್ಯ. ಮಕ್ಕಳಿಗೆ ನೋಡಲು ಅಪ್ಪಣೆಯಿತ್ತೇ ಹೊರತು ಮುಟ್ಟಲು ಇರಲಿಲ್ಲ. ಮಕ್ಕಳು ಕೈಯಾರೆ ಆಡುವ ಗೊಂಬೆಮನೆ ಮನೆಮನೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಜರ್ಮನಿಯ ಕಾರ್ಖಾನೆಗಳು ಅವನ್ನು ರಾಶಿರಾಶಿಯಾಗಿ ಮಾಡತೊಡಗಿದ ಮೇಲೆ.

ಇನ್ನು ಎರಡನೆಯ ಪ್ರಶ್ನೆ. ಸಂಸಾರ ನಿಜಕ್ಕೂ ಹಾಗಿತ್ತೇ? ಮದುವೆ ಮನೆಯ ಫೋಟೋ ನೋಡಿ ಒಂದು ಕುಟುಂಬದ ದಿನಚರಿ ಹೇಳಲಾಗುತ್ತದೆಯೇ? ಇದೂ ಹಾಗೇ. ಬಂದವರಿಗೆ ತೋರಿಸಲೆಂದೇ ಮಾಡಿದ ಕೋಣೆಗಳನ್ನು ಅಷ್ಟಾಗಿ ನಂಬಬೇಡಿ. ಊರ್ಟ್‌ಮನ್ ಮನೆಯಲ್ಲಿ ಅಡುಗೆಮನೆಗಳೇ ಎರಡು. ಒಂದು ಬೇಯಿಸಲು, ಇನ್ನೊಂದು ಪಿಂಗಾಣಿ ತಟ್ಟೆಗಳನ್ನು ಸಾಲಾಗಿ ಇಟ್ಟು ಮೆರೆಯಲು. ಮಸಿ ಹಿಡಿದ ಗೋಡೆಯಾಗಲಿ, ತೇಪೆ ಹಾಕಿದ ಹಾಸಿಗೆಯಾಗಲಿ ಎಲ್ಲಿಯೂ ಕಾಣದು.

ನಂಬಬೇಕಾದದ್ದು ಒಳಕೋಣೆಗಳನ್ನು, ಅಟ್ಟವನ್ನು. ಬಾಣಂತಿ ಕೋಣೆ ನೋಡಿದೆನೆಂದು ಬರೆದಿದ್ದೀರಿ. ಆ ಕಾಲದ ಡಚ್ ಗೊಂಬೆಮನೆಗಳಲ್ಲಿ ಅದು ಇರಲೇಬೇಕು. ಹೆರಿಗೆಯಾದ ಮೇಲೆ ನೆಂಟರಿಷ್ಟರು ಬಂದು ಮಗುವನ್ನು ನೋಡಿಹೋಗುವುದು ಅಲ್ಲಿಯೂ ದೊಡ್ಡ ಸಂಭ್ರಮ. ಅದಕ್ಕೆ ಮನೆಯ ಒಳ್ಳೆಯ ಕೋಣೆಯನ್ನೇ ಬಿಟ್ಟುಕೊಡುತ್ತಿದ್ದರು. ಮೇಲಂತಸ್ತಿನಲ್ಲಿ ಬಟ್ಟೆ ಒಣಗಿಸುವ, ಇಸ್ತ್ರಿ ಮಾಡುವ, ಮಡಿಸಿಡುವ ಕೋಣೆ. ಮನೆಯೊಡತಿಯ ಯೋಗ್ಯತೆಯನ್ನು ಅಳೆಯುತ್ತಿದ್ದುದು ಆಕೆಯ ಕಪಾಟಿನ ಬಿಳಿ ಬಟ್ಟೆಗಳ ಲೆಕ್ಕದಿಂದ. ನಮ್ಮಲ್ಲಿ ಹಿತ್ತಾಳೆ ಪಾತ್ರೆಯ ಮೇಲೆ ಹೆಸರು ಕೆತ್ತಿಸಿದಂತೆ ಅವರು ಬಟ್ಟೆಯ ಮೇಲೆ ಹೆಸರಿನ ಮೊದಲ ಅಕ್ಷರಗಳನ್ನು ಹೊಲಿಯುತ್ತಿದ್ದರು. ಅಟ್ಟದಲ್ಲಿ ಉರುವಲು. ಜೌಗು ನೆಲದಿಂದ ಇಟ್ಟಿಗೆಯಂತೆ ಕಡಿದು ಒಣಗಿಸಿದ ಪೀಟ್ ಎಂಬ ಕಪ್ಪು ಮಣ್ಣಿನ ಹೆಂಟೆಗಳವು. ಕಾಡು ಕಡಿಮೆಯಿದ್ದ ನಾಡಿನಲ್ಲಿ ಒಲೆ ಉರಿದದ್ದು ಅದರಿಂದಲೇ. ಅಂದಚಂದಕ್ಕಾಗಿ ಯಾರೂ ಉರುವಲು ಇಡುವುದಿಲ್ಲ. ಅದಿಲ್ಲದೆ ಮನೆ ನಡೆಯದು ಎಂದು ಗೊತ್ತಿದ್ದವಳು ಇಟ್ಟಳು, ಅಷ್ಟೇ.

ಒಂದು ಕೊರತೆ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಊರ್ಟ್‌ಮನ್‌ರ ಗಂಡ ರೇಷ್ಮೆ ವ್ಯಾಪಾರಿ. ಆದರೂ ಆ ಒಂಬತ್ತು ಕೋಣೆಗಳಲ್ಲಿ ಅಂಗಡಿಯ ಸುಳಿವಿಲ್ಲ. ಹಳೆಯ ಅಂಗಡಿಗಳನ್ನು ನೋಡಬೇಕಾದರೆ ಜರ್ಮನಿಯ ಆರ್ನ್‌ಸ್ಟಾಟ್ ಪಟ್ಟಣಕ್ಕೆ ಹೋಗಬೇಕು. ಅಲ್ಲಿ ಹದಿನೆಂಟನೆಯ ಶತಮಾನದಲ್ಲಿ ರಾಜಕುಮಾರಿ ಆಗಸ್ಟೆ ಡೊರೊಥಿಯಾ ಬರೀ ಮನೆಯಲ್ಲ, ಊರನ್ನೇ ಗೊಂಬೆಗಳಲ್ಲಿ ನಿಲ್ಲಿಸಿದಳು. 80ಕ್ಕೂ ಹೆಚ್ಚು ದೃಶ್ಯ, ಸುಮಾರು 400 ಗೊಂಬೆ. ಅರಮನೆಯ ಕೋಣೆಗಳ ಜೊತೆಗೇ ಔಷಧದಂಗಡಿ, ಮರಗೆಲಸ, ಜಾತ್ರೆ. ಆ ಹವ್ಯಾಸಕ್ಕೆ ಆಕೆ ಸಾಲವನ್ನೂ ಮಾಡಿಕೊಂಡಳು.

ಮುಂದೆ ಜರ್ಮನಿಯಲ್ಲಿ ಮಕ್ಕಳಿಗೆಂದೇ ಆಟದ ಕಿರಾಣಿ ಅಂಗಡಿಗಳು ಬಂದವು. ಗೋಡೆ ತುಂಬ ಪುಟ್ಟ ಪುಟ್ಟ ಸೆಳೆಖಾನೆ, ಒಂದೊಂದರ ಮೇಲೂ ಅಕ್ಕಿ, ಕಾಫಿ, ಸಕ್ಕರೆ ಎಂಬ ಬರಹ, ಮುಂದೆ ತಕ್ಕಡಿ. ಅಷ್ಟೊಂದು ಸೆಳೆಖಾನೆ ಯಾಕೆಂದರೆ ಆಗ ಹೆಚ್ಚಿನ ಸಾಮಾನು ಪ್ಯಾಕೆಟ್ಟಿನಲ್ಲಿ ಬರುತ್ತಿರಲಿಲ್ಲ; ಕೇಳಿದಷ್ಟನ್ನು ತೂಗಿ ಪೊಟ್ಟಣ ಕಟ್ಟಿಕೊಡಬೇಕಿತ್ತು. ಇಂಗ್ಲೆಂಡಿನ ಮಾದರಿ ಮಾಂಸದಂಗಡಿಗಳಲ್ಲಿ ಮರದಲ್ಲಿ ಕೆತ್ತಿದ ಮಾಂಸದ ತುಂಡುಗಳು ಅಂಗಡಿಯ ಮುಂಭಾಗದ ತುಂಬ ನೇತಾಡುತ್ತವೆ. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸವನ್ನು ಗಾಳಿಗೆ ತೂಗುಹಾಕಿಯೇ ಮಾರುತ್ತಿದ್ದರು. ಕೆಲವು ಮಾದರಿಗಳಲ್ಲಿ ಕೆಳಗೆ ಅಂಗಡಿ, ಮೇಲಿನ ಕಿಟಕಿಗಳ ಹಿಂದೆ ಸಂಸಾರ.

ಜರ್ಮನಿಯ ಎಷ್ಟೋ ಮನೆಗಳಲ್ಲಿ ಈ ಆಟದಂಗಡಿಯನ್ನು ಕ್ರಿಸ್‌ಮಸ್ಸಿಗೆ ಮಾತ್ರ ಹೊರತೆಗೆದು, ಸಾಮಾನು ತುಂಬಿಸಿ, ಹಬ್ಬ ಮುಗಿದ ಮೇಲೆ ಮತ್ತೆ ಕಟ್ಟಿಡುತ್ತಿದ್ದರು. ಇದನ್ನು ಓದುವಾಗ ನಿಮಗೆ ಮನೆಯ ಟ್ರಂಕು ನೆನಪಾಗಿರಬೇಕು. ನವರಾತ್ರಿಗೆ ಪಟ್ಟದ ಗೊಂಬೆಗಳ ಜೊತೆ ಮೇಲೆ ಬರುವ ಶೆಟ್ಟರು-ಶೆಟ್ಟಿತಿ, ಅವರ ಮುಂದೆ ಚಿಕ್ಕ ತಟ್ಟೆಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಎರಡು ಸಂಪ್ರದಾಯಗಳಿಗೂ ನೆಂಟಸ್ತಿಕೆಯಿಲ್ಲ. ಆದರೆ ಸಂಸಾರ ನಡೆಯುವುದು ಅಂಗಡಿಯ ಸಾಮಾನಿನಿಂದ ಎಂಬುದನ್ನು ಇಬ್ಬರೂ ಮರೆಯಲಿಲ್ಲ.

ಗೊಂಬೆಮನೆಗಳಲ್ಲಿ ಅತಿ ಪ್ರಸಿದ್ಧವಾದದ್ದು ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯದು. 1924ರಲ್ಲಿ ಮುಗಿದ ಅದರಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆ, ಲಿಫ್ಟ್ ಓಡುತ್ತದೆ. ಅದರ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್. ಇಂದಿನ ರಾಷ್ಟ್ರಪತಿ ಭವನ ದೆಹಲಿಯಲ್ಲಿ ಏಳುತ್ತಿದ್ದಾಗಲೇ ಅದೇ ಮನುಷ್ಯ ಒಂದು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಈ ಮನೆಯನ್ನೂ ಕಟ್ಟಿಸುತ್ತಿದ್ದ.

ಮಗಳ ಮನೆಗೆ ಮತ್ತೆ ಹೋದರೆ ಒಂದು ಕೆಲಸ ಮಾಡಿ. ಯಾಕೋಬ್ ಆಪೆಲ್ ಎಂಬ ಕಲಾವಿದ 1710ರ ಸುಮಾರಿಗೆ ಊರ್ಟ್‌ಮನ್‌ರ ಗೊಂಬೆಮನೆಯದೇ ಚಿತ್ರ ಬರೆದಿದ್ದಾನೆ. ಅದೂ ಅದೇ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಚಿತ್ರದಲ್ಲಿ ಕೋಣೆಗಳ ತುಂಬ ಜನ. ಬೀರುವಿನಲ್ಲಿ ಈಗ ಅವರಿಲ್ಲ. ಆ ಗೊಂಬೆಗಳೆಲ್ಲ ಕಾಲಾಂತರದಲ್ಲಿ ಕಳೆದುಹೋದವು. ಉಳಿದಿರುವುದು ಒಂದೇ ಒಂದು, ತೊಟ್ಟಿಲಲ್ಲಿ ಮಲಗಿರುವ ಕೂಸು. ಹೋದ ಸಲ ಕಣ್ಣಿಗೆ ಬೀಳದಿದ್ದರೆ ಈ ಸಲ ಅದನ್ನು ಹುಡುಕಿ.