ಪ್ರಕೃತಿ ಛಾಯಾಗ್ರಹಣ: ಚೀಲದೊಳಗಿನ ಕ್ಯಾಮೆರಾ ಕೆಲಸಕ್ಕೆ ಬಾರದು



ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ನಾವೆಲ್ಲಾ ಗಾದೆ ವಿಸ್ತರಣೆಯಲ್ಲಿ ಬರೆದಿದ್ದೇವೆ. ಆದರೆ ಅದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಪರೀಕ್ಷೆಯಲ್ಲಲ್ಲ, ನಮ್ಮೂರ ಕೆರೆ ಏರಿಯ ಮೇಲೆ. ಅಲ್ಲಿ ಕಲಿತದ್ದನ್ನು ಈ ಸಲದ ಗೋಡೆ ಪತ್ರಿಕೆಗೆ ಪಾಠದ ಹಾಗೆ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿರಿ.

ನಡೆದ ಸಂಗತಿ

ಬೇಸಿಗೆ ರಜೆಯಲ್ಲಿ ನನ್ನ ಸೋದರಮಾವ ಊರಿಗೆ ಬಂದಿದ್ದ. ಅವನು ಪೇಟೆಯಲ್ಲಿ ಮದುವೆ, ನಾಮಕರಣಗಳ ಫೋಟೋ ತೆಗೆಯುತ್ತಾನೆ. ಬಿಡುವಿದ್ದಾಗ ಹಕ್ಕಿಗಳ ಫೋಟೋ ತೆಗೆಯುವುದು ಅವನ ಹವ್ಯಾಸ. ಒಂದು ದಿನ ಬೆಳಿಗ್ಗೆ ಇಬ್ಬರೂ ಕೆರೆಗೆ ಹೋದೆವು. ನೀರಿನಲ್ಲಿರುವ ಒಣ ಜಾಲಿಕೊಂಬೆಗೆ ಮಿಂಚುಳ್ಳಿ ಬರುತ್ತದೆಂದು ಒಂದು ಗಂಟೆ ಕಾದೆವು. ಬರಲಿಲ್ಲ. "ಮುಖ ತೊಳ್ಕೊಂಡು ಬರ್ತೀನಿ, ಕ್ಯಾಮೆರಾ ಹಿಡ್ಕೊಂಡು ಕೂತಿರು" ಅಂತ ಮಾವ ತೂಬಿನ ಕಡೆ ಇಳಿದ.

ನಾನು ಜಾಣತನ ಮಾಡಿ ಕ್ಯಾಮೆರಾ ಆಫ್ ಮಾಡಿ, ಮುಚ್ಚಳ ಹಾಕಿ, ಚೀಲದೊಳಗಿಟ್ಟು ಜಿಪ್ಪು ಎಳೆದೆ. ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ಆಗಲೇ ಲಂಟಾನ ಪೊದೆಯಿಂದ ಒಂದು ಮುಂಗುಸಿ ಹೊರಗೆ ಬಂತು. ಅದರ ಬಾಯಲ್ಲಿ ಮೊಳದುದ್ದದ ಹಾವು! ಏರಿಯ ನಡುವೆ ನಿಂತು ನನ್ನನ್ನೇ ನೋಡಿತು. ನಾನು ಜಿಪ್ಪು ತೆಗೆದು, ಮುಚ್ಚಳ ಬಿಚ್ಚಿ, ಗುಂಡಿ ಒತ್ತುವಷ್ಟರಲ್ಲಿ ಮುಂಗುಸಿಯೂ ಇಲ್ಲ, ಹಾವೂ ಇಲ್ಲ. ಫೋಟೋದಲ್ಲಿ ಬಂದದ್ದು ಅಲ್ಲಾಡುವ ಹುಲ್ಲು ಮಾತ್ರ.

ಮಾವ ಬೈಯಲಿಲ್ಲ. "ಲೋ, ಮುಂಗುಸಿ ಏನು ನಿನಗೆ ಹೇಳಿ ಕಳಿಸಿ ಬರ್ತದೇನೋ? ನಾವೇ ಮೊದಲು ತಯಾರಾಗಿರಬೇಕು ಕಣೋ" ಅಂದ.

ತಯಾರಿ ಎಂದರೇನು?

ಮಾವ ಹೇಳಿಕೊಟ್ಟದ್ದನ್ನು ಕ್ರಮವಾಗಿ ಬರೆಯುತ್ತೇನೆ.

1. ಕ್ಯಾಮೆರಾ ಕೈಯಲ್ಲಿರಬೇಕು. ಹೊರಗೆ ಬಂದ ಮೇಲೆ ಮುಚ್ಚಳ ಜೇಬಿನಲ್ಲಿ, ಕ್ಯಾಮೆರಾ ಕೊರಳಲ್ಲಿ. ಬ್ಯಾಟರಿ ತುಂಬಿದೆಯೇ, ಕಾರ್ಡಿನಲ್ಲಿ ಜಾಗ ಇದೆಯೇ ಎಂದು ಹಿಂದಿನ ರಾತ್ರಿಯೇ ನೋಡಬೇಕು.

2. ವೇಗ ಮೊದಲೇ ಹೊಂದಿಸಿರಬೇಕು. ಕ್ಯಾಮೆರಾದ ಬಾಗಿಲು, ಅಂದರೆ ಷಟರ್, ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಮುಖ್ಯ. ಇದಕ್ಕೊಂದು ಲೆಕ್ಕ ಮಾಡೋಣ. ಒಂದು ಹಕ್ಕಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹಾರುತ್ತಿದೆ ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 10 ಮೀಟರು, ಅಥವಾ 1000 ಸೆಂ.ಮೀ. ಬಾಗಿಲು 1/60 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಹಕ್ಕಿ ಸುಮಾರು 17 ಸೆಂ.ಮೀ. ಮುಂದೆ ಹೋಗಿರುತ್ತದೆ. ಸಣ್ಣ ಮಿಂಚುಳ್ಳಿಯ ಇಡೀ ಮೈಯ ಉದ್ದವೇ ಹೆಚ್ಚುಕಡಿಮೆ ಅಷ್ಟು! ಹಾಗಾಗಿ ಫೋಟೋದಲ್ಲಿ ಹಕ್ಕಿಯ ಬದಲು ನೀಲಿ ಗೀರು ಬರುತ್ತದೆ. ಅದೇ 1/1000 ಸೆಕೆಂಡು ಆದರೆ ಹಕ್ಕಿ ಸರಿಯುವುದು 1 ಸೆಂ.ಮೀ. ಮಾತ್ರ. ಆದ್ದರಿಂದ ಹಾರುವ ಹಕ್ಕಿಗೆ 1/1000 ಅಥವಾ ಅದಕ್ಕಿಂತ ಹೆಚ್ಚಿನ ವೇಗ ಬೇಕು.

3. ಬೆಳಕಿನ ಅಂದಾಜು ಬಾಯಿಗೆ ಬರಬೇಕು. ರೀಲು ಕ್ಯಾಮೆರಾದ ಕಾಲದಿಂದ ಬಂದ ಒಂದು ಸೂತ್ರವಿದೆ. ಚೆನ್ನಾಗಿ ಬಿಸಿಲಿದ್ದರೆ, ಐಎಸ್‌ಒ 100 ಇಟ್ಟು ಎಫ್ 16ರಲ್ಲಿ ಸುಮಾರು 1/100 ಸೆಕೆಂಡು ಸಾಕು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು, ಬೆಳಕು ಹೆಚ್ಚು. ಐಎಸ್‌ಒ 400, ಎಫ್ 8 ಇಟ್ಟರೆ ಅದೇ ಬಿಸಿಲಿಗೆ 1/1600 ಸಿಗುತ್ತದೆ. ಮೋಡವಿದ್ದಾಗ, ಮುಂಜಾನೆ, ಸಂಜೆ ಬೆಳಕು ಕಡಿಮೆ, ಆದ್ದರಿಂದ ಐಎಸ್‌ಒ ಏರಿಸಬೇಕು. ಬೆಳಕು ಬದಲಾದಾಗೆಲ್ಲಾ ಹೊಂದಿಸಿಕೊಳ್ಳುತ್ತಿರಬೇಕೇ ಹೊರತು ಮುಂಗುಸಿ ಬಂದ ಮೇಲಲ್ಲ.

4. ಪ್ರಾಣಿಯ ನಡತೆ ತಿಳಿದಿರಬೇಕು. ಇದೇ ಎಲ್ಲಕ್ಕಿಂತ ದೊಡ್ಡ ತಯಾರಿ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಹಾರಲು ತೊಡಗುತ್ತವೆ. ಹಾರುವ ಮೊದಲು ಎಷ್ಟೋ ಸಲ ಹಿಕ್ಕೆ ಹಾಕುತ್ತವೆ, ಮೈ ಮುಂದಕ್ಕೆ ಬಾಗಿಸುತ್ತವೆ. ಮಿಂಚುಳ್ಳಿ ಮೀನು ಹಿಡಿದ ಮೇಲೆ ಬಹಳ ಸಲ ಅದೇ ಕೊಂಬೆಗೆ ಮರಳಿ, ಮೀನನ್ನು ಬಡಿದು, ತಲೆ ಕಡೆಯಿಂದ ನುಂಗುತ್ತದೆ. ಇದು ಗೊತ್ತಿದ್ದವನು ಹಕ್ಕಿಯ ಹಿಂದೆ ಓಡುವುದಿಲ್ಲ, ಕೊಂಬೆಗೆ ಫೋಕಸ್ ಮಾಡಿ ಕಾಯುತ್ತಾನೆ. ಮೇಲೆ ಅಂಟಿಸಿರುವ ಮಿಂಚುಳ್ಳಿ ಫೋಟೋ ಮಾವ ನಾಲ್ಕನೇ ದಿನ ಹೀಗೆಯೇ ತೆಗೆದದ್ದು.

5. ಮೊಬೈಲ್ ಇದ್ದರೂ ಸಾಕು. ಮಸೂರವನ್ನು ಹತ್ತಿ ಬಟ್ಟೆಯಿಂದ ಒರೆಸಿರಿ. ಬೀಗ ತೆಗೆಯದೆಯೇ ಕ್ಯಾಮೆರಾ ತೆರೆಯುವ ಉಪಾಯ ಎಲ್ಲಾ ಮೊಬೈಲಿನಲ್ಲೂ ಹೆಚ್ಚುಕಡಿಮೆ ಇರುತ್ತದೆ, ಕಲಿತುಕೊಳ್ಳಿ. ಸೂರ್ಯ ನಿಮ್ಮ ಬೆನ್ನ ಹಿಂದಿರಲಿ. ದೂರದ ಹಕ್ಕಿಗೆ ಮೊಬೈಲ್ ಸಾಲದು. ಚಿಟ್ಟೆ, ಜೇಡ, ಹೂವು, ಓತಿಕ್ಯಾತಗಳಿಂದ ಶುರು ಮಾಡಿ.

ಹಿರಿಯರ ತಯಾರಿ

ಬ್ರಿಟಿಷರ ಕಾಲದ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ 1920ರ ದಶಕದಲ್ಲಿ ಉತ್ತರ ಭಾರತದ ಕಾಡಿನಲ್ಲಿ ಹುಲಿ ನಡೆಯುವ ದಾರಿಗೆ ತಂತಿ ಕಟ್ಟಿ ಕ್ಯಾಮೆರಾ ಇಡುತ್ತಿದ್ದರು. ಕತ್ತಲಲ್ಲಿ ಹುಲಿಯ ಕಾಲು ತಂತಿಗೆ ತಾಗಿದರೆ ಬೆಳಕು ಮಿಂಚಿ, ಹುಲಿಯೇ ತನ್ನ ಫೋಟೋ ತೆಗೆದುಕೊಳ್ಳುತ್ತಿತ್ತು! 1927ರಲ್ಲಿ ಅವರ ಪುಸ್ತಕ ಬಂತು. ನಮ್ಮ ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಡಾ. ಉಲ್ಲಾಸ ಕಾರಂತರು ಕ್ಯಾಮೆರಾ ಬಲೆಗಳನ್ನಿಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಲೆಕ್ಕ ಹಾಕಿದರು. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದ್ದು ಇರುವುದಿಲ್ಲ. ಮೈಸೂರಿನ ಕೃಪಾಕರ ಸೇನಾನಿಯವರು ವರ್ಷಗಟ್ಟಲೆ ಕಾಡುನಾಯಿಗಳ ಹಿಂದೆ ಬಿದ್ದು ತೆಗೆದ ಚಿತ್ರಕ್ಕೆ 2010ರಲ್ಲಿ 'ಗ್ರೀನ್ ಆಸ್ಕರ್' ಎಂದು ಕರೆಯುವ ಪ್ರಶಸ್ತಿ ಬಂತು. ಇವರೆಲ್ಲರಿಗೂ ಅದೃಷ್ಟ ಬಂತು ನಿಜ. ಆದರೆ ಅದೃಷ್ಟ ಬಂದಾಗ ಅವರು ಮನೆಯಲ್ಲಿ ಕೂತಿರಲಿಲ್ಲ.

ಇನ್ನೊಂದು ತಯಾರಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಮುಂಗುಸಿ ತಪ್ಪಿಹೋದ ಮೇಲೆ ನಾನು ಅಪ್ಪನ ಮೊಬೈಲನ್ನು ಕೈಯಲ್ಲೇ ಹಿಡಿದು ತಿರುಗತೊಡಗಿದೆ. ಒಂದು ಮಧ್ಯಾಹ್ನ ಕೆರೆಯ ಒಣಗಿದ ಅಂಗಳದಲ್ಲಿ ಟಿಟ್ಟಿಭ ಹಕ್ಕಿಯೊಂದು ನನ್ನ ಕಾಲ ಬಳಿಯಿಂದಲೇ ಎದ್ದಿತು. ನೋಡಿದರೆ ನೆಲದ ಮೇಲೆ ಕಲ್ಲಿನಂತೆ ಕಾಣುವ ನಾಲ್ಕು ಮೊಟ್ಟೆ! ನಾನು ತಯಾರಾಗಿಯೇ ಇದ್ದೆ. ಕೂತು, ಮಲಗಿ, ಸುತ್ತ ತಿರುಗಿ ಇಪ್ಪತ್ತು ಫೋಟೋ ತೆಗೆದೆ. ತಾಯಿ ಹಕ್ಕಿ ತಲೆ ಮೇಲೆ ಕಿರುಚುತ್ತಾ ಸುತ್ತುತ್ತಲೇ ಇತ್ತು.

ಸಂಜೆ ಖುಷಿಯಿಂದ ಮಾವನಿಗೆ ತೋರಿಸಿದೆ. ಅವನು ಫೋಟೋ ಚೆನ್ನಾಗಿದೆ ಅನ್ನಲಿಲ್ಲ. "ಎಷ್ಟು ಹೊತ್ತು ಅಲ್ಲಿದ್ದೆ?" ಅಂದ. ಅರ್ಧ ಗಂಟೆ ಅಂದೆ. "ಆ ಬಿಸಿಲಲ್ಲಿ ನೀನು ಬರಿಗಾಲಲ್ಲಿ ನಿಲ್ತೀಯೇನೋ? ಆ ಹಕ್ಕಿ ಹೊಟ್ಟೆ ನೆನೆಸ್ಕೊಂಡು ಬಂದು ಮೊಟ್ಟೆ ತಂಪು ಮಾಡ್ತದೆ. ನೀನು ಬಿಟ್ಟಿದ್ರೆ ತಾನೇ?" ಅಂದ.

ಮಾರನೇ ದಿನ ಏರಿಯ ಮೇಲಿಂದ ನೋಡಿದೆವು. ಟಿಟ್ಟಿಭ ಅಲ್ಲಿರಲಿಲ್ಲ. ಇಳಿದು ಹೋಗಿ ನೋಡಿದರೆ ಒಂದು ಮೊಟ್ಟೆಯೂ ಇರಲಿಲ್ಲ. ಕಾಗೆ ತಿಂದಿತೋ, ನಾಯಿ ತಿಂದಿತೋ ಗೊತ್ತಿಲ್ಲ. ದಾರಿ ತೋರಿಸಿದ್ದು ನಾನೇ ಇರಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಮಾತಿನ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಅಂದರೆ ಬಂದೂಕಿಲ್ಲದೆಯೂ ಬೇಟೆ ಆಗುತ್ತದೆ.

ಆದ್ದರಿಂದ ಮೇಲಿನ ಐದಕ್ಕೆ ಆರನೆಯದನ್ನು ನಾನೇ ಸೇರಿಸುತ್ತೇನೆ.

6. ಕ್ಯಾಮೆರಾ ಕೆಳಗಿಳಿಸಲೂ ತಯಾರಾಗಿರಬೇಕು. ಗೂಡು, ಮೊಟ್ಟೆ, ಮರಿ ಕಂಡರೆ ಸದ್ದಿಲ್ಲದೆ ಹಿಂದೆ ಸರಿಯಬೇಕು. ಹಕ್ಕಿ ಕಿರುಚುತ್ತಿದ್ದರೆ ನಾವು ತೀರಾ ಹತ್ತಿರ ಹೋಗಿದ್ದೇವೆ ಎಂದೇ ತಿಳಿಯಬೇಕು.

ಮುಂಗುಸಿಯ ಫೋಟೋ ನನ್ನ ಬಳಿ ಇಲ್ಲ. ಆದರೆ ಅದು ಹಾವು ಕಚ್ಚಿಕೊಂಡು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಟಿಟ್ಟಿಭದ ಮೊಟ್ಟೆಗಳ ಫೋಟೋ ಮೊಬೈಲಿನಲ್ಲಿದೆ, ಬಹಳ ಸ್ಪಷ್ಟವಾಗಿ ಬಂದಿದೆ. ಅದನ್ನು ಇಲ್ಲಿ ಅಂಟಿಸಿಲ್ಲ.

ನೀವೇ ಮಾಡಿ ನೋಡಿ

ಅ) ಗಂಟೆಗೆ 54 ಕಿ.ಮೀ. ವೇಗದಲ್ಲಿ ಹಾರುವ ಪಾರಿವಾಳ 1/500 ಸೆಕೆಂಡಿನಲ್ಲಿ ಎಷ್ಟು ಸೆಂ.ಮೀ. ಸರಿಯುತ್ತದೆ?
ಆ) ಶಾಲೆಯ ಬೇಲಿಯ ಮೇಲೆ ಕೂರುವ ಒಂದು ಹಕ್ಕಿಯನ್ನು ಒಂದು ವಾರ ಬರಿಗಣ್ಣಿನಿಂದ ನೋಡಿ. ಅದು ಯಾವ ಹೊತ್ತಿಗೆ ಬರುತ್ತದೆ, ಹಾರುವ ಮುಂಚೆ ಏನು ಮಾಡುತ್ತದೆ ಎಂದು ಬರೆದಿಡಿ.

ಉತ್ತರಗಳನ್ನು ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.

ಇಂತಿ ನಿಮ್ಮ ಸಹಪಾಠಿ,
ಹತ್ತನೇ ತರಗತಿ