ಒಂದು ಕಾಲುವೆ, ಹಲವು ಗುರಿ: ನಿರ್ಧಾರದ ಗಣಿತವನ್ನು ಪರೀಕ್ಷಿಸುವ ಬಗೆ

1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ನಮ್ಮ ಆದೋನಿ, ಆಲೂರು ಸೀಮೆಗೆ ತುಂಗಭದ್ರೆಯ ಕೆಳಮಟ್ಟದ ಕಾಲುವೆಯೇ ಜೀವನಾಡಿ. ಹೊಸಪೇಟೆಯ ಬಳಿಯ ಅಣೆಕಟ್ಟಿನಿಂದ ಹೊರಟ ನೀರು ಹಂಪಿಯ ವಿದ್ಯುದಾಗಾರವನ್ನು ದಾಟಿ, ಬಳ್ಳಾರಿಯ ಹೊಲಗಳನ್ನು ತಣಿಸಿ, ಬಳಿಕ ನಮ್ಮತ್ತ ಬರುತ್ತದೆ. ಬಚಾವತ್ ನ್ಯಾಯಮಂಡಳಿಯು ಈ ಜಲಾಶಯದಲ್ಲಿ ವರ್ಷಕ್ಕೆ 230 ಟಿಎಂಸಿ ನೀರು ದೊರೆಯುವುದೆಂದು ಎಣಿಸಿ, ಆವಿಯಾಗುವ 18ನ್ನು ಕಳೆದು, 212ನ್ನು ಬಳಕೆಗೆ ಹಂಚಿತು. ಆದರೆ ಹೂಳು ತುಂಬಿ ಜಲಾಶಯದ ಸಾಮರ್ಥ್ಯವು ಮೊದಲಿನ 133 ಟಿಎಂಸಿಯಿಂದ ಬಹಳ ಕುಗ್ಗಿದೆ. 2024ರ ಆಗಸ್ಟ್‌ನಲ್ಲಿ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ನೀರಿನ ಬೆಲೆ ಎಲ್ಲರಿಗೂ ಮತ್ತೊಮ್ಮೆ ಅರಿವಾಯಿತು.

ಬೆಳೆ, ವಿದ್ಯುತ್ತು, ಕುಡಿಯುವ ನೀರು, ಪ್ರವಾಹದ ತಡೆ ಇವೆಲ್ಲವೂ ಬೇಕು. ಎಲ್ಲವೂ ಏಕಕಾಲಕ್ಕೆ ಪೂರ್ಣವಾಗಿ ಸಿಗಲಾರವು. ಇಂತಹ ಸಮಸ್ಯೆಗೆ ಗಣಿತವು ‘ಬಹೂದ್ದೇಶ ಅನುಕೂಲನ’ ಎನ್ನುತ್ತದೆ. ತುಂಗಭದ್ರೆಯ ಉಪನದಿಯಾದ ಭದ್ರೆಯ ಜಲಾಶಯದ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಜಂಗಾ ರೆಡ್ಡಿ ಮತ್ತು ಡಿ. ನಾಗೇಶ್ ಕುಮಾರ್ ಅವರು 2006ರಲ್ಲಿ ಇಂತಹುದೇ ಅಧ್ಯಯನವನ್ನು ಪ್ರಕಟಿಸಿದರು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಉಳಿದಿರುವ ನೀರು ಹತ್ತು ಪಾಲು. ಮೊದಲ ಯೋಜನೆಯಲ್ಲಿ ಹೊಲಕ್ಕೆ 8, ಕುಡಿಯಲು 2. ಎರಡನೆಯದರಲ್ಲಿ 7 ಮತ್ತು 3. ಮೂರನೆಯದರಲ್ಲಿ 7 ಮತ್ತು 2. ಒಂದು ಪಾಲು ಸೋರಿಹೋಗುತ್ತದೆ. ಮೂರನೆಯದನ್ನು ಯಾರೂ ಒಪ್ಪಲಾರರು. ಮೊದಲೆರಡರಲ್ಲಿ ಒಂದನ್ನು ಹೆಚ್ಚಿಸಬೇಕಾದರೆ ಇನ್ನೊಂದನ್ನು ಕಳೆದುಕೊಳ್ಳಲೇಬೇಕು. ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೋನ ಹೆಸರಿನಿಂದ ಕರೆಯುವ ಉತ್ತಮ ಉತ್ತರಗಳು ಇವೇ. ಇವುಗಳಲ್ಲಿ ಯಾವುದು ಬೇಕೆಂಬುದನ್ನು ಗಣಿತವು ಹೇಳಲಾರದು, ಮನುಷ್ಯನೇ ಹೇಳಬೇಕು.

ಸಂವಾದಾತ್ಮಕ ಪದ್ಧತಿಯು ಇಲ್ಲಿಯೇ ನೆರವಿಗೆ ಬರುತ್ತದೆ. ಗಣಕವು ಒಂದು ಉತ್ತರವನ್ನು ತೋರಿಸುತ್ತದೆ. ನಿರ್ಧರಿಸುವವರು “ಕುಡಿಯುವ ನೀರು ಇನ್ನಷ್ಟು ಬೇಕು, ಹೊಲದ ಪಾಲು ಸ್ವಲ್ಪ ತಗ್ಗಲಿ” ಎನ್ನುತ್ತಾರೆ. ಗಣಕವು ಮತ್ತೊಂದನ್ನು ತೋರಿಸುತ್ತದೆ. 1971ರ ‘ಸ್ಟೆಮ್’, ಫಿನ್ಲೆಂಡಿನ ‘ನಿಂಬಸ್’ ಮೊದಲಾದ ಹಲವು ಪದ್ಧತಿಗಳಿವೆ. ಇವುಗಳಲ್ಲಿ ಉತ್ತಮವಾದುದನ್ನು ಗುರುತಿಸುವುದು ಹೇಗೆ?

ಮೊದಲನೆಯದಾಗಿ, ಕೊನೆಗೆ ದೊರೆತ ಉತ್ತರವು ಮೂರನೆಯ ಯೋಜನೆಯಂತೆ ಪೋಲಿನದ್ದಾಗಿರಬಾರದು. ಎರಡನೆಯದಾಗಿ, ಕೇಳುವ ಪ್ರಶ್ನೆಗಳು ಕೆಲವೇ ಇರಬೇಕು, ಸುಲಭವಾಗಿ ತಿಳಿಯಬೇಕು. ಮೂರನೆಯದಾಗಿ, ಬಳಸುವವರು ಸಮಸ್ಯೆಯನ್ನು ಅರಿಯುತ್ತ ತಮ್ಮ ಮನಸ್ಸನ್ನು ಬದಲಿಸಿಕೊಳ್ಳಲು, ಹಿಂದಿರುಗಲು ಅವಕಾಶವಿರಬೇಕು. ನಾಲ್ಕನೆಯದಾಗಿ, ಮೊದಲು ತೋರಿಸಿದ ಉತ್ತರವೇ ಮನಸ್ಸನ್ನು ಕಟ್ಟಿಹಾಕಬಾರದು. ಬೇರೆ ಆರಂಭದಿಂದ ಹೊರಟರೂ ಹತ್ತಿರದ ತೀರ್ಮಾನಕ್ಕೇ ಬರುವರೋ ಎಂದು ನೋಡಬೇಕು.

ಪರೀಕ್ಷೆಯಲ್ಲಿಯೂ ತೊಡಕುಂಟು. ಒಬ್ಬರೇ ಎರಡು ಪದ್ಧತಿಗಳನ್ನು ಬಳಸಿದರೆ, ಮೊದಲನೆಯದರಲ್ಲಿ ಕಲಿತದ್ದು ಎರಡನೆಯದಕ್ಕೆ ಲಾಭವಾಗುತ್ತದೆ. ಆದ್ದರಿಂದ ಅರ್ಧ ಜನರಿಗೆ ಕ್ರಮವನ್ನು ತಿರುಗಿಸಬೇಕು. ಮನುಷ್ಯರ ಬದಲು, ಪೂರ್ವನಿಶ್ಚಿತ ಆದ್ಯತೆಗಳುಳ್ಳ ಗಣಕವನ್ನೇ ಕೂರಿಸಿ ಸಾವಿರ ಬಾರಿ ಪರೀಕ್ಷಿಸಬಹುದು. ಆದರೆ ಅದಕ್ಕೆ ದಣಿವಿಲ್ಲ, ಗೊಂದಲವಿಲ್ಲ. ಆದುದರಿಂದ ಎರಡೂ ಬಗೆಯ ಪರೀಕ್ಷೆಗಳು ಅವಶ್ಯ.

ಇವೆಲ್ಲಕ್ಕಿಂತ ಮಿಗಿಲಾದ ಪ್ರಶ್ನೆಯೊಂದಿದೆ: ಗಣಕದ ಮುಂದೆ ಕುಳಿತವರು ಯಾರು? ಕಾಲುವೆಯ ತಲೆಭಾಗದವರು ಮಾತ್ರ ಕುಳಿತರೆ ಅವರಿಗೆ ತೃಪ್ತಿಯಾದೀತು. ಕೊನೆಯಂಚಿನ ಹತ್ತಿಯ ಹೊಲ ಒಣಗಿಯೇ ಉಳಿದೀತು. ಪದ್ಧತಿಯನ್ನು ಅಳೆಯುವಾಗ ಕೊನೆಯ ತೂಬಿನ ರೈತನ ಒಪ್ಪಿಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಣಿತವನ್ನು ಮಾತೃಭಾಷೆಯಲ್ಲಿ ಕಲಿತ ನಮ್ಮ ಶಾಲೆಯ ಮಕ್ಕಳು ನಾಳೆ ಆ ರೈತನ ಪರವಾಗಿ ಈ ಪ್ರಶ್ನೆಯನ್ನು ಕೇಳುವಂತಾದರೆ, ಕಲಿಸಿದ ಪಾಠ ಸಾರ್ಥಕ.